ತಾರೀಖಿನ ನೆಂಟಸ್ತನ

ದಿನಪತ್ರಿಕೆಗಳಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂಬ ಕಿರುಅಂಕಣವು ಬಹುಕಾಲದಿಂದ ಪ್ರಕಟವಾಗುತ್ತ ಬಂದಿದೆ. ಪಂಚಾಂಗ ಮತ್ತು ರಾಶಿಫಲಗಳ ಪಕ್ಕದಲ್ಲಿ ನಾಲ್ಕೈದು ಸಾಲುಗಳಷ್ಟೇ ಸ್ಥಳವನ್ನು ಪಡೆಯುವ ಈ ಅಂಕಣವನ್ನು ಓದದೆ ಪುಟ ತಿರುವುವವರು ವಿರಳ. ಅದು ತಮ್ಮ ಹುಟ್ಟುಹಬ್ಬದ ದಿನವೋ ವಿವಾಹದ ವಾರ್ಷಿಕೋತ್ಸವದ ದಿನವೋ ಆಗಿದ್ದಲ್ಲಿ ಎರಡು ಬಾರಿ ಓದುತ್ತಾರೆ. ಯಾವನೋ ಚಕ್ರವರ್ತಿ, ಯಾವನೋ ವಿಜ್ಞಾನಿ ತಮ್ಮದೇ ತಾರೀಖಿನಲ್ಲಿ ಹುಟ್ಟಿದನೆಂದು ತಿಳಿದಾಗ ಮನಸ್ಸಿಗೆ ಒಂದು ಬಗೆಯ ಹಿಗ್ಗು ಉಂಟಾಗುತ್ತದೆ. ಅಕ್ಟೋಬರ್ 2ರಂದು ಹುಟ್ಟಿದ ಮಗುವಿನ ತಂದೆತಾಯಿಗಳು ಆ ಸಂಗತಿಯನ್ನು ಬಂಧುಗಳಿಗೆಲ್ಲ ಹೇಳುತ್ತಾರೆ. ಜನವರಿ 30ರಂದು ಹುಟ್ಟಿದ ಮಗುವಿನ ಮನೆಯವರು ಅಷ್ಟಾಗಿ ಹೇಳುವುದಿಲ್ಲ. ಮೊದಲನೆಯದು ಗಾಂಧೀಜಿಯವರ (1869) ಮತ್ತು ಲಾಲ್ ಬಹಾದೂರ್ ಶಾಸ್ತ್ರಿಗಳ (1904) ಜನ್ಮದಿನ. ಎರಡನೆಯದು 1948ರಲ್ಲಿ ಗಾಂಧೀಜಿಯವರು ಗುಂಡಿಗೆ ಬಲಿಯಾದ ದಿನ. ತೊಟ್ಟಿಲಲ್ಲಿ ಮಲಗಿರುವ ಕೂಸುಗಳೆರಡೂ ಏನನ್ನೂ ಮಾಡಿಲ್ಲ. ಆದರೂ ಒಂದಕ್ಕೆ ಗೌರವವೂ ಇನ್ನೊಂದಕ್ಕೆ ಸಂಕೋಚವೂ ಪ್ರಾಪ್ತವಾಗುತ್ತದೆ.

ಈ ಹಿಗ್ಗನ್ನೇ ಬಂಡವಾಳವಾಗಿಸಿಕೊಂಡ ಹೊತ್ತಗೆಗಳು ಮಾರುಕಟ್ಟೆಯಲ್ಲಿ ಹೇರಳವಾಗಿವೆ. ವರ್ಷದ ಒಂದೊಂದು ದಿನಕ್ಕೂ ಒಂದೊಂದರಂತೆ ಅಚ್ಚಾಗಿ, ಮುಖಪುಟದಲ್ಲಿ ತಾರೀಖನ್ನು ದಪ್ಪ ಅಕ್ಷರಗಳಲ್ಲಿ ಹೊತ್ತು, ಉಡುಗೊರೆಯ ವಸ್ತುಗಳಾಗಿ ಅವು ಮಾರಾಟವಾಗುತ್ತವೆ. ಅಮೆರಿಕದಲ್ಲಿ ನೆಲೆಸಿರುವ ನನ್ನ ಸೋದರಳಿಯನ ಮಗಳು ಹುಟ್ಟಿದ್ದು ಜುಲೈ 4ರಂದು. ಆಕೆಯ ಹತ್ತನೆಯ ಹುಟ್ಟುಹಬ್ಬಕ್ಕೆ ಅಂಥದೊಂದು ಹೊತ್ತಗೆ ಬಂದಿತಂತೆ. “ಮಾವ, ನಮ್ಮ ಮಗು ಎಂಥ ದಿನ ಹುಟ್ಟಿದ್ದಾಳೆ ನೋಡಿ, ಓದಿ ನಿಮ್ಮ ಅಭಿಪ್ರಾಯ ತಿಳಿಸಿ” ಎಂದು ಬರೆದು ಆತ ಅದರ ಒಂದು ಪ್ರತಿಯನ್ನು ಕಳುಹಿಸಿಕೊಟ್ಟನು. ಅಭಿಪ್ರಾಯವು ಪತ್ರದ ಮಿತಿಯನ್ನು ಮೀರಿ ಬೆಳೆಯಿತು. ಇಂಥ ಹೊತ್ತಗೆಗಳು ನಮ್ಮ ಸಮಾಜದ ಅನೇಕ ಮನೆಗಳನ್ನು ಪ್ರವೇಶಿಸಿರುವುದರಿಂದಲೂ, ನಮ್ಮ ಕೆಲವು ಬಸದಿಗಳ ಆಡಳಿತ ಸಮಿತಿಗಳು ತಮ್ಮ ದಿನದರ್ಶಿಕೆಗಳಲ್ಲಿ ಇದೇ ಮಾದರಿಯನ್ನು ಅನುಸರಿಸತೊಡಗಿರುವುದರಿಂದಲೂ ಅದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಈ ಬಗೆಯ ಬರವಣಿಗೆಗೆ ಒಳ್ಳೆಯ ಪೂರ್ವಿಕರಿದ್ದಾರೆ. ಇಂಗ್ಲೆಂಡಿನಲ್ಲಿ ವಿಲಿಯಂ ಹೋನ್ ಎಂಬಾತ 1825–26ರಲ್ಲಿಯೂ, ಎಡಿನ್‌ಬರೋದ ಪ್ರಕಾಶಕ ರಾಬರ್ಟ್ ಚೇಂಬರ್ಸ್ 1860ರ ದಶಕದಲ್ಲಿಯೂ ವರ್ಷದ ಪ್ರತಿದಿನಕ್ಕೂ ಸಂಬಂಧಿಸಿದ ಸಂಗತಿಗಳನ್ನು ಸಂಗ್ರಹಿಸಿ ಬೃಹದ್ಗ್ರಂಥಗಳನ್ನು ಪ್ರಕಟಿಸಿದರು. ಅವರು ಬರಿಯ ಪಟ್ಟಿಯನ್ನು ಕೊಟ್ಟವರಲ್ಲ. ಹಳ್ಳಿಯ ಆಚರಣೆ, ಮರೆತುಹೋದ ವ್ಯಕ್ತಿ, ಹಬ್ಬದ ತಿನಿಸು, ಸಮಾಧಿಯ ಮೇಲಿನ ಬರಹ ಎಲ್ಲವನ್ನೂ ಸಾವಧಾನವಾಗಿ ವಿವರಿಸಿದರು. ಅಲ್ಲಿ ತಾರೀಖು ಎಂಬುದು ಕಥೆಯನ್ನು ನೇತುಹಾಕುವ ಗೂಟ ಮಾತ್ರ. ಇಂದಿನ ಹೊತ್ತಗೆಗಳಲ್ಲಿ ಗೂಟವೇ ಉಳಿದು ಬಟ್ಟೆ ಮಾಯವಾಗಿದೆ.

ಜುಲೈ 4ರ ಹೊತ್ತಗೆಯಲ್ಲಿ ಸಹಜವಾಗಿಯೇ ಮೊದಲ ಸ್ಥಾನ 1776ರ ಸ್ವಾತಂತ್ರ್ಯ ಘೋಷಣೆಗೆ. ಬಳಿಕ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ (1804), ಇಟಲಿಯ ಗ್ಯಾರಿಬಾಲ್ಡಿ (1807), ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ (1872) ಇವರ ಜನನ. 1863ರಲ್ಲಿ ವಿಕ್ಸ್‌ಬರ್ಗ್ ನಗರವು ಮುತ್ತಿಗೆಯ ನಂತರ ಶರಣಾದುದು. ಸ್ವಾಮಿ ವಿವೇಕಾನಂದರು 1902ರ ಜುಲೈ 4ರಂದು ಬೇಲೂರು ಮಠದಲ್ಲಿ ದೇಹತ್ಯಾಗ ಮಾಡಿದ ಸಂಗತಿ ಇಲ್ಲ. 1893ರ ಷಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಜೈನರ ಪ್ರತಿನಿಧಿಯಾಗಿದ್ದ ವೀರಚಂದ ರಾಘವಜಿ ಗಾಂಧಿಯವರೊಂದಿಗೆ ಅದೇ ವೇದಿಕೆಯನ್ನು ಹಂಚಿಕೊಂಡ ಆ ಮಹನೀಯರ ಹೆಸರು ಅಮೆರಿಕದ ಭಾರತೀಯ ಮಗುವಿಗೆ ಸಿಗಬೇಕಾಗಿತ್ತು. ಎರಡು ಬಾರಿ ನಮ್ಮ ಹಂಗಾಮಿ ಪ್ರಧಾನಿಯಾಗಿದ್ದ ಗುಲ್ಜಾರಿಲಾಲ್ ನಂದಾ ಅವರ ಜನನವೂ (1898) ಅದೇ ದಿನ, ಅದೂ ಇಲ್ಲ. ಆದರೆ ಇದು ಸಣ್ಣ ಆಕ್ಷೇಪ. ಯಾವ ದೇಶದ ಪಟ್ಟಿಯೇ ಆಗಲಿ ಆ ದೇಶದವರನ್ನು ಮೊದಲು ಕಾಣುತ್ತದೆ.

ನನ್ನ ದೊಡ್ಡ ಆಕ್ಷೇಪವಿರುವುದು ಹೊತ್ತಗೆಯ ನಡುವಿನ ಎರಡು ಪುಟಗಳ ಬಗ್ಗೆ. ಅಮೆರಿಕದ ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್ ಮತ್ತು ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಇಬ್ಬರೂ 1826ರ ಜುಲೈ 4ರಂದು, ಅಂದರೆ ತಾವೇ ರೂಪಿಸಿದ ಘೋಷಣೆಯ ಐವತ್ತನೆಯ ವಾರ್ಷಿಕ ದಿನದಂದೇ, ಕೆಲವು ಗಂಟೆಗಳ ಅಂತರದಲ್ಲಿ ತೀರಿಕೊಂಡರು. ಜೆಫರ್ಸನ್ನನಿಗೆ 83, ಆಡಮ್ಸನಿಗೆ 90 ವರ್ಷ. ಒಬ್ಬನು ವರ್ಜೀನಿಯದ ಮಾಂಟಿಚೆಲ್ಲೊದಲ್ಲಿ, ಇನ್ನೊಬ್ಬನು ನೂರಾರು ಮೈಲಿ ದೂರದ ಮ್ಯಾಸಚೂಸೆಟ್ಸ್‌ನಲ್ಲಿ. ಜೆಫರ್ಸನ್ ಇನ್ನೂ ಇದ್ದಾನೆ ಎಂಬರ್ಥದ ಮಾತು ಆಡಮ್ಸನ ಬಾಯಿಂದ ಕೊನೆಯದಾಗಿ ಬಂದಿತೆಂದು ಹೇಳುತ್ತಾರೆ. ಆ ವೇಳೆಗೆ ಜೆಫರ್ಸನ್ ತೀರಿಕೊಂಡಾಗಿತ್ತು. ಐದನೆಯ ಅಧ್ಯಕ್ಷ ಮನ್ರೋ ಕೂಡ ಐದು ವರ್ಷಗಳ ನಂತರ, 1831ರಲ್ಲಿ, ಅದೇ ತಾರೀಖಿನಂದು ಮರಣ ಹೊಂದಿದನು. ಸಮಕಾಲೀನರು ಇದನ್ನು ದೈವಸಂಕಲ್ಪವೆಂದೇ ತಿಳಿದರು. ಬಾಸ್ಟನ್ನಿನ ಫ್ಯಾನ್ಯುಯಲ್ ಹಾಲಿನಲ್ಲಿ ಆಗಸ್ಟ್ 2ರಂದು ಶ್ರದ್ಧಾಂಜಲಿ ಭಾಷಣ ಮಾಡಿದ ಡೇನಿಯಲ್ ವೆಬ್‌ಸ್ಟರ್, ಈ ದೇಶವೂ ಇದರ ಉಪಕಾರಿಗಳೂ ಭಗವಂತನ ರಕ್ಷಣೆಯಲ್ಲಿರುವುದಕ್ಕೆ ಇದೇ ಸಾಕ್ಷಿಯೆಂಬ ಅಭಿಪ್ರಾಯವನ್ನು ಮಂಡಿಸಿದನು. ಹೊತ್ತಗೆಯೂ ಅದನ್ನೇ ಪುನರುಚ್ಚರಿಸಿ, ‘ಇಂಥ ಪವಿತ್ರ ದಿನದಲ್ಲಿ ನೀನು ಹುಟ್ಟಿರುವೆ’ ಎಂದು ಮಗುವಿಗೆ ಹೇಳುತ್ತದೆ.

ಇಲ್ಲಿ ಪರಿಶೀಲಿಸಬೇಕಾದ ಮೊದಲ ಪ್ರಶ್ನೆ ದಿನವನ್ನು ಕುರಿತದ್ದು. ಸ್ವಾತಂತ್ರ್ಯದ ನಿರ್ಣಯವು ಅಂಗೀಕಾರವಾದದ್ದು 1776ರ ಜುಲೈ 2ರಂದು. ಮರುದಿನ ಆಡಮ್ಸನು ತನ್ನ ಪತ್ನಿಗೆ ಬರೆದ ಪತ್ರದಲ್ಲಿ ಮುಂದಿನ ತಲೆಮಾರುಗಳು ಜುಲೈ 2ನ್ನೇ ಮಹೋತ್ಸವವಾಗಿ ಆಚರಿಸುವವೆಂದು ನಂಬಿಕೆಯಿಂದ ಹೇಳಿದ್ದಾನೆ. ಜುಲೈ 4ರಂದು ಅಂಗೀಕಾರವಾದದ್ದು ಘೋಷಣೆಯ ಪಾಠ. ಬಹುಮಂದಿ ಸದಸ್ಯರು ಅದಕ್ಕೆ ರುಜು ಹಾಕಿದ್ದು ಆಗಸ್ಟ್ 2ರಂದು. ಅಚ್ಚಾದ ಪ್ರತಿಯ ತಲೆಯ ಮೇಲೆ 4 ಎಂದಿದ್ದುದರಿಂದ ಜನ ಆ ದಿನವನ್ನು ಹಿಡಿದರು. ಹೀಗಿರುವಲ್ಲಿ, ಆಡಮ್ಸನು ಯಾವ ದಿನ ತೀರಿಕೊಂಡದ್ದು ಅದ್ಭುತವೆಂದು ಹೇಳಲಾಯಿತೋ ಆ ದಿನ ಅವನ ಸ್ವಂತ ಲೆಕ್ಕದ ದೊಡ್ಡ ದಿನವೇ ಆಗಿರಲಿಲ್ಲ.

ಜೆಫರ್ಸನ್ನನ ಹುಟ್ಟಿದ ದಿನದ ಕಥೆ ಇನ್ನೂ ಸ್ವಾರಸ್ಯಕರ. ಅವನು ಹುಟ್ಟಿದಾಗ ಬ್ರಿಟಿಷ್ ಅಧೀನದ ವರ್ಜೀನಿಯದಲ್ಲಿ 1743ರ ಏಪ್ರಿಲ್ 2. 1752ರಲ್ಲಿ ಬ್ರಿಟನ್ ಮತ್ತು ಅದರ ವಸಾಹತುಗಳು ಗ್ರೆಗೊರಿಯನ್ ಪಂಚಾಂಗಕ್ಕೆ ಬದಲಾದಾಗ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಎಣಿಸಲಾಯಿತು. ಹನ್ನೊಂದು ದಿನಗಳು ಲೆಕ್ಕದಿಂದ ಬಿಟ್ಟುಹೋದವು. ಅದರಂತೆ ಅವನ ಜನ್ಮದಿನ ಏಪ್ರಿಲ್ 13 ಆಯಿತು. ಆದರೆ ಮಾಂಟಿಚೆಲ್ಲೊದ ಅವನ ಸಮಾಧಿಯ ಮೇಲೆ ಇಂದಿಗೂ ಹಳೆಯ ಪದ್ಧತಿಯ ಏಪ್ರಿಲ್ 2 ಎಂದೇ ಕೆತ್ತಲಾಗಿದೆ. ಹೊತ್ತಗೆಯ ವ್ಯಾಪಾರಿಯು ಮನಸ್ಸು ಮಾಡಿದರೆ ಜೆಫರ್ಸನ್ನನನ್ನು ಏಪ್ರಿಲ್ ತಿಂಗಳಲ್ಲಿಯೇ ಎರಡು ಸಲ ಮಾರಬಹುದು.

ಜೈನ ಓದುಗರಿಗೆ ಇದು ಹೊಸ ಸಮಸ್ಯೆಯಲ್ಲ. ಕಾಲವನ್ನು ನಿಶ್ಚಯಕಾಲ, ವ್ಯವಹಾರಕಾಲ ಎಂದು ವಿಂಗಡಿಸಿ, ಹಗಲು, ಪಕ್ಷ, ಮಾಸಗಳೆಂಬ ಎಣಿಕೆಯೆಲ್ಲ ಸೂರ್ಯಚಂದ್ರಾದಿಗಳ ಗತಿಯಿಂದ ಆದ ವ್ಯವಹಾರವೆಂದು ನಮ್ಮ ಆಚಾರ್ಯರು ನಿರೂಪಿಸಿದ್ದಾರೆ. ತಾರೀಖು ವ್ಯವಹಾರದೊಳಗೂ ಬಲು ಕೆಳಗಿನ ಮೆಟ್ಟಿಲಿನದು. ಅದಕ್ಕೆ ಸರಕಾರದ ಶಾಸನವೂ ಬೇಕು. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ಬರುವ ನಾಲ್ಕು ನಿಕ್ಷೇಪಗಳನ್ನು ಇಲ್ಲಿ ಅನ್ವಯಿಸಿ ನೋಡಬಹುದು. ಇಬ್ಬರ ದಿನ ಒಂದೇ ಎಂದಾಗ ಅದು ನಾಮಮಾತ್ರದಿಂದ ಒಂದೇ, ಸ್ಥಾಪನೆಯಿಂದ ಒಂದೇ, ದ್ರವ್ಯದಿಂದ ಒಂದೇ, ಅಥವಾ ಭಾವದಿಂದ ಒಂದೇ ಎಂದು ಕೇಳಬೇಕು. 1616ರ ಏಪ್ರಿಲ್ 23ರಂದು ಷೇಕ್ಸ್‌ಪಿಯರ್ ಮತ್ತು ಸ್ಪೇನಿನ ಸರ್ವಾಂಟಿಸ್ ಇಬ್ಬರೂ ತೀರಿಕೊಂಡರೆಂಬ ಪ್ರಸಿದ್ಧ ಮಾತನ್ನೇ ತೆಗೆದುಕೊಳ್ಳೋಣ. ವಿಶ್ವ ಪುಸ್ತಕ ದಿನಕ್ಕೆ ಯುನೆಸ್ಕೊ 1995ರಲ್ಲಿ ಆ ತಾರೀಖನ್ನು ಆರಿಸಿಕೊಂಡದ್ದೂ ಇದರಿಂದಲೇ. ಆಗ ಸ್ಪೇನಿನಲ್ಲಿ ಹೊಸ ಪಂಚಾಂಗ, ಇಂಗ್ಲೆಂಡಿನಲ್ಲಿ ಹಳೆಯದು. ಎರಡು ಮರಣಗಳ ನಡುವೆ ನಿಜವಾಗಿ ಹತ್ತು ದಿನಗಳಿಗೂ ಕಡಿಮೆಯಿಲ್ಲದ ಅಂತರವಿದೆ. ಅಲ್ಲಿ ಹೆಸರು ಒಂದು, ದಿನ ಎರಡು. ಇದಕ್ಕೆ ವಿಪರೀತವಾದ ಉದಾಹರಣೆ ನಮ್ಮಲ್ಲಿಯೇ ಇದೆ. ಭಗವಾನ್ ಮಹಾವೀರರ ನಿರ್ವಾಣವು ಉತ್ತರದವರ ಪೂರ್ಣಿಮಾಂತ ಎಣಿಕೆಯಲ್ಲಿ ಕಾರ್ತಿಕ ಮಾಸದ ಅಮಾವಾಸ್ಯೆ. ಕರ್ನಾಟಕದ ಅಮಾಂತ ಎಣಿಕೆಯಲ್ಲಿ ಅದು ಆಶ್ವಯುಜದ ಅಮಾವಾಸ್ಯೆ. ಹೆಸರು ಎರಡು, ದಿನ ಒಂದು. ಮಹಾವೀರ ಜಯಂತಿಯಂತೂ 2022ರಲ್ಲಿ ಏಪ್ರಿಲ್ 14, 2024ರಲ್ಲಿ ಏಪ್ರಿಲ್ 21, 2025ರಲ್ಲಿ ಏಪ್ರಿಲ್ 10. 2022ರಲ್ಲಿ ಅದು ಡಾ. ಅಂಬೇಡ್ಕರ್ ಜಯಂತಿಯೊಂದಿಗೆ ಕೂಡಿಬಂದಿತು, ಮರುವರ್ಷ ಬೇರ್ಪಟ್ಟಿತು. ಎರಡು ಎಣಿಕೆಗಳು ಅಡ್ಡಹಾಯ್ದ ಜಾಗವದು, ಅಷ್ಟೇ.

ಎರಡನೆಯ ಪ್ರಶ್ನೆ ಅದ್ಭುತವನ್ನು ಕುರಿತದ್ದು. ವಾಣಿಜ್ಯಶಾಸ್ತ್ರವನ್ನು ಓದಿದವನಿಗೆ ಸಂಭಾವ್ಯತೆಯ ಒಂದು ಲೆಕ್ಕ ನೆನಪಿರುತ್ತದೆ. ಕೇವಲ 23 ಜನ ಒಂದೆಡೆ ಸೇರಿದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವವು ಅರ್ಧಕ್ಕಿಂತ ಹೆಚ್ಚು. ಏಕೆಂದರೆ 23 ಜನರಿಂದ 253 ಜೋಡಿಗಳಾಗುತ್ತವೆ. ಅಮೆರಿಕದ ಅಧ್ಯಕ್ಷರಲ್ಲಿಯೇ ಪೋಕ್ (1795) ಮತ್ತು ಹಾರ್ಡಿಂಗ್ (1865) ಇಬ್ಬರೂ ನವೆಂಬರ್ 2ರಂದು ಹುಟ್ಟಿದವರು. ಅದರಲ್ಲಿ ದೈವಸಂಕಲ್ಪವನ್ನು ಕಂಡವರಿಲ್ಲ. ಇಡೀ ಜಗತ್ತಿನ ಸಾವಿರಾರು ವರ್ಷಗಳ ಸಂಗತಿಗಳನ್ನು 366 ಮನೆಗಳಲ್ಲಿ ತುಂಬಿದರೆ ಯಾವ ಮನೆಯೂ ಖಾಲಿ ಉಳಿಯುವುದಿಲ್ಲ. ಎಲ್ಲ ಮಕ್ಕಳಿಗೂ ಒಬ್ಬ ಮಹಾಪುರುಷ ಸಿಕ್ಕೇ ಸಿಗುತ್ತಾನೆ, ಜೊತೆಗೆ ಒಂದು ಯುದ್ಧವೂ. 1826ರ ಎರಡು ಮರಣಗಳು ಇದಕ್ಕಿಂತ ವಿರಳವಾದವೆಂಬುದನ್ನು ಒಪ್ಪಲೇಬೇಕು. ಆದರೂ ವಯೋವೃದ್ಧರಿಬ್ಬರು ಆ ದಿನವನ್ನು ಕಾಣಬೇಕೆಂದು ಹಂಬಲಿಸಿ ಜೀವ ಹಿಡಿದಿದ್ದಿರಬಹುದು. ಜೆಫರ್ಸನ್ನನು ಹಿಂದಿನ ರಾತ್ರಿಯೇ ‘ನಾಲ್ಕು ಆಯಿತೇ’ ಎಂಬರ್ಥದಲ್ಲಿ ಕೇಳಿದನೆಂದು ಬಳಿಯಿದ್ದವರು ಬರೆದಿಟ್ಟಿದ್ದಾರೆ. ಆಯುಃಕರ್ಮವು ಒಬ್ಬೊಬ್ಬ ಜೀವನದು ಬೇರೆ ಬೇರೆ. ಅದನ್ನು ಎರಡು ಊರುಗಳಲ್ಲಿ ಏಕಕಾಲಕ್ಕೆ ಮುಗಿಸಿ ಒಂದು ರಾಷ್ಟ್ರಕ್ಕೆ ಪ್ರಶಸ್ತಿಪತ್ರ ಬರೆಯುವ ಕರ್ತೃವನ್ನು ನಾವು ಒಪ್ಪುವುದಿಲ್ಲ.

ಹಾಗಾದರೆ ನಮ್ಮ ಪರಂಪರೆಯಲ್ಲಿಯೂ ದಿನಗಳ ಕೂಡಿಕೆಗೆ ಮಹತ್ವವಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ದಿನವೇ ಗೌತಮ ಗಣಧರರಿಗೆ ಕೇವಲಜ್ಞಾನವಾಯಿತು. ಗುರುವಿನ ಮೇಲಿನ ರಾಗವೇ ಗೌತಮರಿಗೆ ಕೊನೆಯ ತೊಡಕಾಗಿತ್ತೆಂದೂ, ಗುರುವಿನ ಅಗಲಿಕೆಯಿಂದ ಅದು ಕಳಚಿತೆಂದೂ ಶ್ವೇತಾಂಬರ ಪರಂಪರೆಯು ವಿವರಿಸುತ್ತದೆ. ಇಲ್ಲಿ ಒಂದು ಸಂಗತಿಯಿಂದ ಇನ್ನೊಂದು ಉಂಟಾಗಿದೆ. ದಿನ ಒಂದಾದದ್ದು ಅದರ ಫಲ. ಕಾರಣಸಂಬಂಧವಿಲ್ಲದ ಕೂಡಿಕೆಯನ್ನು ಇದರೊಂದಿಗೆ ಸಮನಾಗಿ ತೂಗಲಾಗದು.

ಈಗ ಮೂರನೆಯ ವಿಚಾರಕ್ಕೆ ಬರುತ್ತೇನೆ. ನಾನು ಲೇಖನಿ ಹಿಡಿದದ್ದು ಮುಖ್ಯವಾಗಿ ಇದಕ್ಕಾಗಿ.

ಜೆಫರ್ಸನ್ ದಿನವಹಿ ಲೆಕ್ಕ ಬರೆಯುವುದರಲ್ಲಿ ಅತಿ ಶ್ರದ್ಧೆಯುಳ್ಳವನು. ಸುಮಾರು ಅರವತ್ತು ವರ್ಷಗಳ ಅವನ ರೋಜುಕೀರ್ದಿ ಉಳಿದುಬಂದಿದೆ. 1776ರ ಜುಲೈ 4ರ ಬಾಬಿನಲ್ಲಿ ಅವನು ನಮೂದಿಸಿರುವುದು ಒಂದು ಉಷ್ಣಮಾಪಕದ ಬೆಲೆ, ಏಳು ಜೊತೆ ಹೆಂಗಸರ ಕೈಗವಸುಗಳ ಬೆಲೆ, ಮತ್ತು ದಾನವಾಗಿ ಕೊಟ್ಟ ಸ್ವಲ್ಪ ಹಣ. ಅಂಗಡಿಯಲ್ಲಿ ಕುಳಿತು ಜೀವನ ಕಳೆದ ನನಗೆ ಆ ಮೂರು ನಮೂದುಗಳು ಹೊತ್ತಗೆಯ ಎಲ್ಲ ವರ್ಣನೆಗಿಂತ ಪ್ರಿಯವಾದವು. ಆದರೆ ಖರ್ಚು ಬರೆದ ಮಾತ್ರಕ್ಕೆ ಅಢಾವೆ ಸರಿಹೋಗುವುದಿಲ್ಲ. ತೀರಿಕೊಂಡಾಗ ಅವನಿಗೆ ಒಂದು ಲಕ್ಷ ಡಾಲರಿಗೂ ಮಿಕ್ಕ ಸಾಲವಿತ್ತು. ಅವನದು ಇನ್ನೊಂದು ಪುಸ್ತಕವೂ ಇದೆ, ತೋಟದ ಲೆಕ್ಕದ್ದು. ಅದರಲ್ಲಿ ಅವನ ಒಡೆತನದಲ್ಲಿದ್ದ ಗುಲಾಮರ ಹೆಸರುಗಳೂ ಅವರಿಗೆ ಹುಟ್ಟಿದ ಮಕ್ಕಳ ಜನನಕಾಲವೂ ದಾಖಲಾಗಿವೆ. ಅಧ್ಯಕ್ಷನಾಗಿದ್ದಾಗ ತನ್ನ ಹುಟ್ಟಿದ ದಿನವನ್ನು ಆಚರಿಸಬೇಕೆಂದು ಕೇಳಿದವರಿಗೆ, ಗಣರಾಜ್ಯದ ಜನ್ಮದಿನಕ್ಕೆ ಸಲ್ಲಬೇಕಾದ ಗೌರವವನ್ನು ವ್ಯಕ್ತಿಗೆ ವರ್ಗಾಯಿಸಬಾರದೆಂದು ಹೇಳಿ ಅವನು ಅದನ್ನು ತಿಳಿಸಲು ನಿರಾಕರಿಸಿದ್ದನು. ಉದಾತ್ತವಾದ ಮಾತು. ತೋಟದ ಪುಸ್ತಕದಲ್ಲಿದ್ದ ಮಕ್ಕಳಿಗೆ ತಮ್ಮ ದಿನವನ್ನು ಹೇಳುವ ಅಥವಾ ಬಚ್ಚಿಡುವ ಸ್ವಾತಂತ್ರ್ಯವಿರಲಿಲ್ಲ.

ಆ ಸಾಲವನ್ನು ತೀರಿಸುವ ಸಲುವಾಗಿ 1827ರ ಜನವರಿಯಲ್ಲಿ ಮಾಂಟಿಚೆಲ್ಲೊದಲ್ಲಿ ಹರಾಜು ನಡೆಯಿತು. ಪೀಠೋಪಕರಣ, ದನಕರು, ದವಸಗಳೊಂದಿಗೆ 130 ಮಂದಿ ಗುಲಾಮರ ಮಾರಾಟವನ್ನೂ ಅದರ ಜಾಹೀರಾತು ಸಾರಿತ್ತು. ಮರಣಶಾಸನದ ಮೂಲಕ ಜೆಫರ್ಸನ್ ಬಿಡುಗಡೆ ಮಾಡಿದ್ದು ಐವರನ್ನು ಮಾತ್ರ. ಅವರಲ್ಲಿ ಕಮ್ಮಾರ ಜೋ ಫಾಸೆಟ್ ಒಬ್ಬ. ಒಡೆಯನ ಮರಣಕ್ಕೆ ಒಂದು ವರ್ಷ ತುಂಬಿದ ಬಳಿಕ ಆತ ಸ್ವತಂತ್ರನಾಗಬೇಕೆಂದು ಬರೆಯಲಾಗಿತ್ತು. ಆತನ ಪತ್ನಿ ಈಡಿತ್ ಅಧ್ಯಕ್ಷಭವನದಲ್ಲಿ ಅಡುಗೆ ಮಾಡಿದ್ದ ಕುಶಲೆ. ಆಕೆಯ ಹೆಸರೂ ಮಕ್ಕಳ ಹೆಸರೂ ಮರಣಶಾಸನದಲ್ಲಿರಲಿಲ್ಲ. ಜನವರಿಯ ಚಳಿಯಲ್ಲಿ ಅವರು ಬೇರೆ ಬೇರೆಯವರ ಪಾಲಾದರು. ಮಗ ಪೀಟರನಿಗೆ ಆಗ ಹನ್ನೊಂದು ವರ್ಷ, ಅಂದರೆ ನಮ್ಮ ಹೊತ್ತಗೆಯ ಮಗುವಿಗಿಂತ ಒಂದು ವರ್ಷ ಹೆಚ್ಚು. ಆರು ತಿಂಗಳು ಕಳೆದು ಜುಲೈ 4 ಬಂದಾಗ ಜೋ ಫಾಸೆಟ್ ಸ್ವತಂತ್ರನಾದನು. 1827ರ ಜುಲೈ 4 ಯಾವ ಹೊತ್ತಗೆಯಲ್ಲಿಯೂ ನನಗೆ ಸಿಕ್ಕಿಲ್ಲ. ಆ ಮನುಷ್ಯನು ಮುಂದಿನ ವರ್ಷಗಳಲ್ಲಿ ಕುಲುಮೆಯಲ್ಲಿ ದುಡಿದು ಪತ್ನಿಯನ್ನೂ ಕೆಲವು ಮಕ್ಕಳನ್ನೂ ಮತ್ತೆ ಕೂಡಿಸಿಕೊಂಡು ಓಹಾಯೊ ಪ್ರಾಂತಕ್ಕೆ ಹೊರಟುಹೋದನು. ಪೀಟರ್ ಮಾತ್ರ 1850ರವರೆಗೆ ದಾಸ್ಯದಲ್ಲಿಯೇ ಉಳಿದನು.

ಅದೇ 1827ರ ಜುಲೈ 4ರಂದು ನ್ಯೂಯಾರ್ಕ್ ಪ್ರಾಂತದಲ್ಲಿ ಗುಲಾಮಗಿರಿಯು ಕಾನೂನಿನ ಪ್ರಕಾರ ಕೊನೆಗೊಂಡಿತು. ಅಲ್ಲಿನ ಕಪ್ಪು ಜನರಲ್ಲಿ ಅನೇಕರು ಉತ್ಸವವನ್ನು ಆಚರಿಸಿದ್ದು ಮರುದಿನ, 5ರಂದು. ನಾಲ್ಕನೆಯ ತಾರೀಖು ತಮ್ಮದಲ್ಲವೆಂಬ ಭಾವ ಒಂದು ಕಾರಣ. ಅಂದು ಬೀದಿಗಿಳಿದರೆ ಬಿಳಿಯರ ಹಲ್ಲೆಯ ಭಯ ಇನ್ನೊಂದು. ಇಪ್ಪತ್ತೈದು ವರ್ಷಗಳ ನಂತರ, 1852ರ ಜುಲೈ 5ರಂದು, ನ್ಯೂಯಾರ್ಕ್ ಪ್ರಾಂತದ ರಾಚೆಸ್ಟರ್ ನಗರದಲ್ಲಿ ಫ್ರೆಡರಿಕ್ ಡಗ್ಲಸ್ ಭಾಷಣ ಮಾಡಿ, ಈ ಜುಲೈ 4 ಗುಲಾಮನಿಗೆ ಏನಾಗಬೇಕು ಎಂದು ಸಭಿಕರನ್ನೇ ಕೇಳಿದನು. ಒಂದು ವಾರ್ಷಿಕ ದಿನವನ್ನು ಕುರಿತು ಇದಕ್ಕಿಂತ ತೀಕ್ಷ್ಣವಾದ ವಿಮರ್ಶೆಯನ್ನು ನಾನು ಓದಿಲ್ಲ.

ಆ ಡಗ್ಲಸನಿಗೆ ತಾನು ಹುಟ್ಟಿದ ದಿನ ತಿಳಿದಿರಲಿಲ್ಲ. ಮೇರಿಲ್ಯಾಂಡಿನ ಟಾಲ್ಬಟ್ ಕೌಂಟಿಯಲ್ಲಿ ಗುಲಾಮಳೊಬ್ಬಳ ಮಗನಾಗಿ ಹುಟ್ಟಿದ ಆತ, 1845ರಲ್ಲಿ ಪ್ರಕಟಿಸಿದ ಆತ್ಮಚರಿತ್ರೆಯ ಆರಂಭದಲ್ಲಿಯೇ, ಕುದುರೆಗಳಿಗೆ ತಮ್ಮ ವಯಸ್ಸು ಎಷ್ಟು ಗೊತ್ತೋ ಗುಲಾಮರಿಗೂ ಅಷ್ಟೇ ಗೊತ್ತು ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ಬಿಳಿಯ ಮಕ್ಕಳು ತಮ್ಮ ವಯಸ್ಸನ್ನು ಹೇಳಬಲ್ಲರು, ತಾನೇಕೆ ಹೇಳಲಾರೆ ಎಂಬುದು ಬಾಲ್ಯದಲ್ಲಿಯೇ ಆತನನ್ನು ಕಾಡಿದ ಪ್ರಶ್ನೆ, ಒಡೆಯನನ್ನು ಕೇಳುವಂತಿರಲಿಲ್ಲ. ತಾನು ಸುಮಾರು 1817ರಲ್ಲಿ ಹುಟ್ಟಿರಬೇಕೆಂದು ಆತ ಊಹಿಸಿಕೊಂಡಿದ್ದನು. 1895ರಲ್ಲಿ ತೀರಿಕೊಳ್ಳುವವರೆಗೂ ಅದು ಊಹೆಯಾಗಿಯೇ ಉಳಿಯಿತು. ಆದರೆ ಉತ್ತರವು ಒಂದು ಪುಸ್ತಕದಲ್ಲಿತ್ತು. ಆತನ ಮೊದಲ ಒಡೆಯ ಏರನ್ ಆಂಥೊನಿಯ ಲೆಕ್ಕದ ಪುಸ್ತಕದಲ್ಲಿ, ಹ್ಯಾರಿಯೆಟ್ಟಳ ಮಗ ಫ್ರೆಡರಿಕ್, 1818ರ ಫೆಬ್ರವರಿ ಎಂಬ ನಮೂದಿದೆ. ಡಿಕ್ಸನ್ ಪ್ರೆಸ್ಟನ್ ಎಂಬ ಚರಿತ್ರಕಾರನು 1980ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಅದು ಎಲ್ಲರಿಗೂ ತಿಳಿಯಿತು. ಒಡೆಯನು ಬರೆದಿಟ್ಟದ್ದು ಆಸ್ತಿಯ ಪಟ್ಟಿಯಲ್ಲಿ. ತಿಂಗಳು ಸಾಕೆನಿಸಿತ್ತು, ತಾರೀಖು ಬೇಕಿರಲಿಲ್ಲ.

ವ್ಯಾಪಾರಿಗಳಾದ ನಾವು ಈ ನಮೂದಿನ ಮುಂದೆ ಸ್ವಲ್ಪ ನಿಲ್ಲಬೇಕು. ಖಾತೆ ಪುಸ್ತಕ ಬರೆಯುವ ಕೈಗಳೇ ನಮ್ಮವೂ. ಅದು ದೂರದ ವರ್ಜೀನಿಯದ, ಮೇರಿಲ್ಯಾಂಡಿನ ಮಾತೆಂದು ಕೈತೊಳೆದುಕೊಳ್ಳುವಂತಿಲ್ಲ. ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳ ಸಾಲಿನಲ್ಲಿಯೇ ದಾಸೀದಾಸರನ್ನೂ ಎಣಿಸುತ್ತದೆ. ಶ್ರಾವಕನ ಮನೆಯಲ್ಲಿಯೂ ದಾಸರಿದ್ದರು, ಅವರು ಎಣಿಕೆಯ ವಸ್ತುಗಳಾಗಿದ್ದರು ಎಂಬುದು ಆ ಸೂತ್ರದಿಂದ ಸ್ಪಷ್ಟ. ಮಿತಿ ಹಾಕಿಕೊಳ್ಳಬೇಕೆಂದು ಆಚಾರ್ಯರು ಹೇಳಿದರು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ದಾಸರನ್ನೂ ಪಶುಗಳನ್ನೂ ಮಾರುವ ಕೇಶವಾಣಿಜ್ಯವನ್ನು ಶ್ರಾವಕನು ಬಿಡಬೇಕಾದ ಹದಿನೈದು ಉದ್ಯೋಗಗಳಲ್ಲಿ ಸೇರಿಸಿತು. ಅಷ್ಟರಮಟ್ಟಿಗೆ ನಮ್ಮ ಶಾಸ್ತ್ರಕಾರರ ಕಣ್ಣು ತೆರೆದಿತ್ತು. ಆದರೆ ಆ ಪಟ್ಟಿಯಲ್ಲಿದ್ದ ದಾಸಿಯೊಬ್ಬಳ ಮಗು ಯಾವ ತಿಥಿಯಲ್ಲಿ ಹುಟ್ಟಿತೆಂದು ನಮ್ಮ ಪೂರ್ವಿಕರ ಯಾವ ಕಡತವೂ ಹೇಳುತ್ತಿಲ್ಲ.

ಹುಟ್ಟಿದ ದಿನ ಗೊತ್ತಿರುವುದೇ ಒಂದು ಸೌಲಭ್ಯ ಎಂಬುದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನನ್ನ ವಯಸ್ಸಿನವರಲ್ಲಿ ಹಲವರ ಶಾಲಾ ದಾಖಲೆಯಲ್ಲಿ ಹುಟ್ಟಿದ ತಾರೀಖು ಜೂನ್ 1. ಮಗುವನ್ನು ಶಾಲೆಗೆ ಸೇರಿಸಲು ಬಂದ ಹಿರಿಯರಿಗೆ ‘ಮಳೆಗಾಲದಲ್ಲಿ’, ‘ಮಹಾನವಮಿಯ ಹಿಂದೆಮುಂದೆ’ ಎಂದಷ್ಟೇ ಹೇಳಲು ಸಾಧ್ಯವಾದಾಗ, ಮೇಷ್ಟರು ಪ್ರವೇಶಕ್ಕೆ ಅನುಕೂಲವಾಗುವಂತೆ ಜೂನ್ 1 ಎಂದು ಬರೆದುಕೊಂಡರು. ನಿವೃತ್ತಿಯೂ ಪಿಂಚಣಿಯೂ ಅದರಂತೆಯೇ ನಡೆದವು. ಅಂಥವರು ಜೂನ್ 1ರ ಹೊತ್ತಗೆಯನ್ನು ಕೊಂಡರೆ ಮೇಷ್ಟರ ಲೇಖನಿಗೆ ಯಾವ ಮಹಾಪುರುಷನ ನೆಂಟಸ್ತನವಿದೆ ಎಂದು ತಿಳಿಯಬಹುದು. ಜಾತಕ ಬರೆಯಿಸುವಷ್ಟು ಅನುಕೂಲವಿದ್ದ ಮನೆಗಳಲ್ಲಿ ತಿಥಿ, ನಕ್ಷತ್ರ, ಗಳಿಗೆಗಳೆಲ್ಲ ಉಳಿದವು. ನಮ್ಮ ಸಮಾಜದ ಬಹುಪಾಲು ಮನೆಗಳು ಆ ಗುಂಪಿನವು. ಸಮಂತಭದ್ರಾಚಾರ್ಯರು ಎಣಿಸಿರುವ ಎಂಟು ಮದಗಳಲ್ಲಿ ಕುಲಮದ, ಜಾತಿಮದ, ಋದ್ಧಿಮದಗಳಿವೆ. ದಿನದ ಹೆಮ್ಮೆಯು ಪ್ರತ್ಯೇಕವಾಗಿ ಇಲ್ಲದಿದ್ದರೂ ಅದು ಈ ಮೂರರ ಸೆರಗನ್ನು ಹಿಡಿದೇ ಬರುತ್ತದೆ.

ಹಾಗೆಂದು ದಿನಗಳನ್ನು ಕೂಡಿಸುವ ಕಾರ್ಯವೇ ನಿಷ್ಪ್ರಯೋಜಕವೆಂದು ನಾನು ವಾದಿಸುತ್ತಿಲ್ಲ. ತಾಯಿಯು ತನ್ನನ್ನು ‘ವ್ಯಾಲೆಂಟೈನ್’ ಎಂದು ಕರೆಯುತ್ತಿದ್ದುದರ ಮಸಕು ನೆನಪಿನಿಂದ ಡಗ್ಲಸನು ಫೆಬ್ರವರಿ 14ನ್ನು ತನ್ನ ದಿನವೆಂದು ಆರಿಸಿಕೊಂಡನು. ಲಿಂಕನ್ನನ ಜನ್ಮದಿನ ಫೆಬ್ರವರಿ 12. ಈ ಎರಡು ದಿನಗಳು ಒಂದೇ ವಾರದಲ್ಲಿ ಬರುವುದನ್ನು ಗಮನಿಸಿ ಕಾರ್ಟರ್ ವುಡ್ಸನ್ ಎಂಬ ಕಪ್ಪು ಇತಿಹಾಸಕಾರನು 1926ರಲ್ಲಿ, ಪಠ್ಯಪುಸ್ತಕಗಳು ಕೈಬಿಟ್ಟಿದ್ದ ತನ್ನ ಜನರ ಇತಿಹಾಸವನ್ನು ಓದಿಸುವುದಕ್ಕಾಗಿ ಆ ವಾರವನ್ನು ಗೊತ್ತುಪಡಿಸಿದನು. ಅದು 1976ರ ವೇಳೆಗೆ ಇಡೀ ತಿಂಗಳಿನ ಆಚರಣೆಯಾಗಿ ಬೆಳೆಯಿತು. ಒಬ್ಬನು ಆರಿಸಿಕೊಂಡ ದಿನ, ಇನ್ನೊಬ್ಬನು ಹುಟ್ಟಿದ ದಿನ. ನೆಂಟಸ್ತನ ಇಲ್ಲಿಯೂ ತಾರೀಖಿನದೇ. ಆದರೆ ಅದರಿಂದ ಮಕ್ಕಳು ಓದಿದರು. ನಮ್ಮ ಹೊತ್ತಗೆಯು ಫಾಸೆಟ್ ಕುಟುಂಬಕ್ಕೆ ಒಂದು ಪುಟವನ್ನು ಕೊಟ್ಟಿದ್ದರೆ ಆ ಹತ್ತು ವರ್ಷದ ಬಾಲಿಕೆಗೆ ತನ್ನ ದಿನದ ಬಗ್ಗೆ ತಿಳಿಯಬೇಕಾದದ್ದು ತಿಳಿಯುತ್ತಿತ್ತು. ಮಕ್ಕಳು ಇಂಥದನ್ನು ಸಹಿಸಲಾರರೆಂದು ದೊಡ್ಡವರು ಹೇಳುವುದುಂಟು. ಯಶೋಧರನ ಕಥೆಯನ್ನು ಕೇಳುತ್ತ ಬೆಳೆದ ನಾವು ಆ ಮಾತನ್ನು ಒಪ್ಪಬೇಕಾಗಿಲ್ಲ.

ಆಡಳಿತ ಸಮಿತಿಗಳ ಗಮನಕ್ಕೆ ಒಂದು ಮಾತನ್ನು ಸೇರಿಸುತ್ತೇನೆ. ನಮ್ಮ ಅನೇಕ ಬಸದಿಗಳಲ್ಲಿ ಶಾಶ್ವತ ಪೂಜೆಯ ಪುಸ್ತಕವಿರುತ್ತದೆ. ದಾನಿಗಳು ನಿಧಿಯನ್ನಿಟ್ಟು, ತಮ್ಮ ಹುಟ್ಟಿದ ದಿನದಂದೋ ವಿವಾಹದ ದಿನದಂದೋ ಹಿರಿಯರ ಸ್ಮರಣೆಯ ದಿನದಂದೋ ಪ್ರತಿವರ್ಷವೂ ಅಭಿಷೇಕ ನಡೆಯಬೇಕೆಂದು ಬರೆಯಿಸುತ್ತಾರೆ. ತಿಥಿಯೋ ತಾರೀಖೋ ಎಂಬುದನ್ನು ಬರೆಯದೆ ಬಿಟ್ಟಿರುವುದರಿಂದ ಆಗುವ ಗೊಂದಲ ಎಲ್ಲ ಪುರೋಹಿತರಿಗೂ ಗೊತ್ತಿದೆ. ಎರಡಕ್ಕೂ ಬೇರೆ ಬೇರೆ ಅಂಕಣಗಳಿರುವುದು ಒಳ್ಳೆಯದು. ಅದಕ್ಕಿಂತ ಮುಖ್ಯವಾದದ್ದು, ಆ ಪುಸ್ತಕದಲ್ಲಿ ಬಸದಿಯ ಅಂಗಳ ಗುಡಿಸುವವರ, ನೀರು ಸೇದುವವರ, ದಾಸೋಹದ ಪಾತ್ರೆ ತೊಳೆಯುವವರ ದಿನಗಳು ಇಲ್ಲದಿರುವುದು. ನಮ್ಮ ಊರಿನ ಬಸದಿಯಲ್ಲಿ ಅಂಥವರು ಏಳು ಮಂದಿ ಇದ್ದಾರೆ. ನಿಧಿಯ ಬಡ್ಡಿಯಲ್ಲಿಯೇ ಅವರ ಹೆಸರಿನಲ್ಲಿ ಒಂದೊಂದು ದಿನದ ಪೂಜೆ ನಡೆಯಬೇಕೆಂಬ ಸೂಚನೆಯನ್ನು ಸಮಿತಿಯ ಮುಂದಿಟ್ಟಿದ್ದೇನೆ. ವಿಚಾರಿಸಿದಾಗ ಮೂವರಿಗೆ ತಮ್ಮ ಹುಟ್ಟಿದ ದಿನ ಗೊತ್ತಿತ್ತು, ಇಬ್ಬರದು ಜೂನ್ 1, ಉಳಿದಿಬ್ಬರಿಗೆ ಯಾವುದೂ ಗೊತ್ತಿಲ್ಲ. ಆ ಇಬ್ಬರು ತಮಗೆ ಬೇಕಾದ ತಿಥಿಯನ್ನು ಆರಿಸಿಕೊಳ್ಳಲಿ ಎಂದು ಪುರೋಹಿತರು ಹೇಳಿದರು. ಒಬ್ಬಾಕೆ ಶ್ರುತಪಂಚಮಿಯನ್ನು ಬರೆಯಿಸಿದ್ದಾರೆ. ಇನ್ನೊಬ್ಬರು ಯೋಚಿಸಿ ಹೇಳುವೆನೆಂದಿದ್ದಾರೆ.